ಎಸರಿನಲ್ಲಿ ಬೇಯುವ ಹಿಟ್ಟು: ಕೊಳ್ಳೇಗಾಲ ಸೀಮೆಯ ಮುದ್ದೆ ಮತ್ತು ಒತ್ತುಶ್ಯಾವಿಗೆ

ಇಂದಿನ ಹನೂರು ತಾಲ್ಲೂಕನ್ನೂ ಒಳಗೊಂಡಿದ್ದ ಕೊಳ್ಳೇಗಾಲವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಆಡಳಿತಕ್ಕೊಳಪಟ್ಟ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಅದಕ್ಕೆ ಅಂಟಿಕೊಂಡ ಯಳಂದೂರಾದರೋ 1807ರಲ್ಲಿ ಮೈಸೂರು ಸಂಸ್ಥಾನವು ದಿವಾನ್ ಪೂರ್ಣಯ್ಯನವರಿಗೆ ಬಿಟ್ಟುಕೊಟ್ಟ ಜಹಗೀರು, ಅಂದರೆ ಕಂದಾಯವು ಒಂದು ಮನೆತನಕ್ಕೆ ಸಲ್ಲುತ್ತಿದ್ದ ಸೀಮೆ. ಆಡಳಿತದ ಈ ಗೆರೆಗಳು ಅಡುಗೆಮನೆಯನ್ನು ಹೆಚ್ಚೇನೂ ಮುಟ್ಟಲಿಲ್ಲ. ಅಲ್ಲಿನ ಗಡಿಯನ್ನು ಎಳೆದದ್ದು ನೀರು: ಸುವರ್ಣಾವತಿ ಹರಿಯುವ ಯಳಂದೂರಿನ ಬಯಲಿನಲ್ಲಿ ಭತ್ತ, ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಚಾಚಿದ ಹನೂರಿನ ಮಳೆಯಾಶ್ರಯದ ಹೊಲಗಳಲ್ಲಿ ರಾಗಿ.

ಧಾನ್ಯ ಬೇರೆಯಾದರೂ ಅದನ್ನು ಬೇಯಿಸುವ ತಿಳಿವಳಿಕೆ ಒಂದೇ. ರಾಗಿಯಲ್ಲಾಗಲಿ ಅಕ್ಕಿಯಲ್ಲಾಗಲಿ ಗೋಧಿಯಲ್ಲಿರುವಂಥ ಅಂಟುಪದಾರ್ಥವಿಲ್ಲದ ಕಾರಣ, ಹಿಟ್ಟು ಒಂದಾಗಿ ನಿಲ್ಲಬೇಕಾದರೆ ಅದರ ಪಿಷ್ಟ ಕುದಿನೀರಿನಲ್ಲಿ ಬೆಂದು ಜಿಗಟಾಗಲೇಬೇಕು. ಮುದ್ದೆಗೆ ಎಸರು, ಎಂದರೆ ಕುದಿಯಲಿಟ್ಟ ನೀರು, ಮರಳುವಾಗ ಹಿಟ್ಟನ್ನು ಗುಪ್ಪೆಯಾಗಿ ಸುರಿದು, ಬೆಂದ ಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವುತ್ತಾರೆ. ಒತ್ತುಶ್ಯಾವಿಗೆಯ ಕ್ರಮ ಇನ್ನೂ ಸೂಕ್ಷ್ಮ: ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ಉಂಡೆ ಕಟ್ಟಿ, ಕುದಿನೀರಿಗೆ ಬಿಟ್ಟು, ಅವು ಬೆಂದು ಮೇಲೆ ತೇಲಿದಾಗ ತೆಗೆದು, ಬಿಸಿ ಆರುವ ಮೊದಲೇ ಶ್ಯಾವಿಗೆ ಒರಳಿನಲ್ಲಿ ಹಾಕಿ ಎಳೆಯಾಗಿ ಒತ್ತಬೇಕು. ಒತ್ತಲು ಬಲವಾದ ತೋಳುಗಳು ಬೇಕಾದುದರಿಂದ ಇದು ಒಬ್ಬರ ಅಡುಗೆಯಾಗದೆ ಮನೆಮಂದಿಯೆಲ್ಲ ಕೂಡುವ ಹಬ್ಬದ ಅಡುಗೆಯಾಯಿತು. ಬೆಲ್ಲ ಬೆರೆಸಿದ ಕಾಯಿಹಾಲು ಅದರ ಜೊತೆಗಾರ.

ಇಟಲಿಯ ಮನೆಗಳಲ್ಲಿ ಬೇಯಿಸಿದ ಆಲೂಗೆಡ್ಡೆಯನ್ನು ಹಿಟ್ಟಿನೊಡನೆ ನಾದಿ ಮಾಡುವ ನ್ಯೋಕ್ಕಿ ಎಂಬ ಸಣ್ಣ ಉಂಡೆಗಳಿಗೂ ತೇಲುವುದೇ ಪಾಕದ ಗುರುತು. ಆಲೂಗೆಡ್ಡೆ ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದು 16ನೆಯ ಶತಮಾನದಲ್ಲಿ. ಹಿಟ್ಟು ಮತ್ತು ರೊಟ್ಟಿಯ ಚೂರುಗಳಿಂದ ಮಾಡುತ್ತಿದ್ದ ನ್ಯೋಕ್ಕಿ ಅದಕ್ಕಿಂತ ಹಳೆಯದು, ಗೆಡ್ಡೆ ನಂತರ ಅದರೊಳಗೆ ಸೇರಿಕೊಂಡಿತು. ಕೊಳ್ಳೇಗಾಲದ ಸೀಮೆಯಲ್ಲಿ ಹಾಗಾಗಲಿಲ್ಲ, ಆಗಬೇಕಾದ ಅಗತ್ಯವೂ ಇರಲಿಲ್ಲ. ಬಯಲುಸೀಮೆಯ ಸೆಕೆಯಲ್ಲಿ ಗೆಡ್ಡೆ ಬೇಗ ಮೊಳೆತು ಕೊಳೆಯುತ್ತದೆ. ರಾಗಿಯಾದರೋ ನೆಲದೊಳಗಿನ ಹಗೇವಿನಲ್ಲಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. 1876–78ರ ಮಹಾಕ್ಷಾಮದಂಥ ಕಾಲವನ್ನು ಕಂಡ ನಾಡಿನಲ್ಲಿ ಈ ಒಂದು ಗುಣ ಯಾವ ರುಚಿಗಿಂತಲೂ ದೊಡ್ಡದಾಗಿದ್ದಿರಬೇಕು.

ರಾಗಿಯ ಗೌರವಕ್ಕೆ ಜನಪದದ ಸಾಕ್ಷಿಯೂ ಇದೆ. ಕಂಸಾಳೆಯವರು, ಎಂದರೆ ಕಂಚಿನ ತಾಳ ಹಿಡಿದ ಗಾಯಕರು, ಹಾಡುವ ಕಥನದಲ್ಲಿ ಬೆಟ್ಟದ ದೈವವಾಗುವ ಮೊದಲು ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ. ಸ್ಥಳೀಯತೆಯ ಈ ಗುರುತಿನ ಧಾನ್ಯ ಕೂಡ ಮೂಲತಃ ಹೊರಗಿನದು ಎಂಬುದು ಗಮನಿಸಬೇಕಾದ ಸಂಗತಿ. ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಅದು ಬಹು ಹಿಂದೆಯೇ ಭಾರತಕ್ಕೆ ಬಂದಿತು. 20ನೆಯ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದಾಗ ಆ ಹಳೆಯ ನಂಟು ಮತ್ತೆ ಕೂಡಿತು. ಆಲೂಗೆಡ್ಡೆ ಇಲ್ಲಿನ ಊಟಕ್ಕೆ ಬಂದದ್ದು ತಡವಾಗಿ, ಅದೂ ಮುದ್ದೆಯನ್ನು ಅದ್ದುವ ಸಾರಿನ ಹೋಳಾಗಿ.