ಟೇಪು ಯಂತ್ರಗಳ ಮಾಪನ ಮತ್ತು ಪೋಷಣೆ: ವಿಜಯಪುರ ಸೀಮೆಯ ನಾದಸಂಪತ್ತನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಮಹಾರಾಷ್ಟ್ರದ ಜತ್ತ ತಾಲ್ಲೂಕಿಗೆ ಸಮೀಪವಾಗಿರುವ ಕನಮಡಿ, ಅದರ ಮೂಡಲಿಗಿರುವ ತಿಕೋಟಾ, ತೆಂಕಲಿಗಿರುವ ಬಬಲೇಶ್ವರ ಮೊದಲಾದ ಊರುಗಳನ್ನೊಳಗೊಂಡ ಸೀಮೆಯು ಹಂತಿಯ ಪದ, ಬೀಸುವ ಪದ, ಡೊಳ್ಳಿನ ಹಾಡು, ಗೀಗೀ ಪದ, ಭಜನೆಯ ಪದಗಳಿಂದ ಸಮೃದ್ಧವಾದುದೆಂಬುದು ಸರ್ವವಿದಿತ. ಈ ವಾಙ್ಮಯವನ್ನು ಕಾಲನ ಬಾಯಿಂದ ಉಳಿಸಿಕೊಳ್ಳುವ ಪ್ರಯತ್ನಗಳು ಈ ಜಿಲ್ಲೆಯಲ್ಲಿ ಬಹು ಹಿಂದೆಯೇ ಮೊದಲಾದುವು. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ವಚನಗಳ ತಾಳೆಗರಿಗಳನ್ನು ಸಂಗ್ರಹಿಸಿ, ಪಾಠಗಳನ್ನು ತಾಳೆನೋಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಪ್ರಥಮ ಭಾಗವನ್ನು ಬೆಳಕಿಗೆ ತಂದರು. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳನ್ನು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪ್ರಕಟಿಸಿದರು. ಆದರೆ ಲೇಖನಿಗೆ ದಕ್ಕಿದುದು ಪದ ಮಾತ್ರ, ಧಾಟಿ ದಕ್ಕಲಿಲ್ಲ. ಧಾಟಿಯನ್ನು ಹಿಡಿದಿಡಬಲ್ಲ ಸಾಧನವಾಗಿ ತರುವಾಯ ಬಂದುದು ಕಾಂತಲೇಪಿತವಾದ ಟೇಪು. ತಾಳೆಗರಿಯ ಓಲೆಯೊಂದನ್ನು ಸಿಕ್ಕಿದಂತೆಯೇ ಅಚ್ಚುಹಾಕಿದರೆ ಅದು ಸಂಪಾದನೆಯಾಗದು ಎಂಬುದನ್ನು ಒಪ್ಪುವ ವಿದ್ವಾಂಸರೇ, ಹಳೆಯ ಟೇಪನ್ನು ಸಿಕ್ಕಿದ ಯಂತ್ರದಲ್ಲಿ ಹಾಕಿ ಕೇಳಿದುದನ್ನು ಪ್ರಮಾಣವೆಂದು ಬಗೆಯುವುದು ಆಶ್ಚರ್ಯಕರ. ಟೇಪು ಯಂತ್ರದ ಮಾಪನವೂ ಪೋಷಣೆಯೂ ಕೇವಲ ಮಿಸ್ತ್ರಿಯ ಕೆಲಸವಲ್ಲ, ಅದು ಪಾಠಪರಿಷ್ಕರಣದ ಒಂದು ಶಾಖೆ ಎಂಬುದು ಈ ಲೇಖನದ ಪ್ರತಿಪಾದನೆ.

ಈ ವಿದ್ಯೆಯ ಮೂಲವನ್ನು ಶೋಧಿಸಹೊರಟರೆ, 1898ರಲ್ಲಿ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಕಾಂತರೂಪದಲ್ಲಿ ನಿಲ್ಲಿಸಿದ ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ನನವರೆಗೆ ಹೋಗಬೇಕಾಗುತ್ತದೆ. 1928ರಲ್ಲಿ ಫ್ರಿಟ್ಸ್ ಫ್ಲಾಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿಯನ್ನು ಲೇಪಿಸಿದನು. 1935ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ ಎಇಜಿ ಸಂಸ್ಥೆಯು ತನ್ನ ಮ್ಯಾಗ್ನೆಟೋಫೋನನ್ನು ಲೋಕಕ್ಕೆ ತೋರಿಸಿತು. ಆದರೂ 1940ರವರೆಗೆ ಟೇಪಿನ ಧ್ವನಿಯು ಗರಗರ ಸದ್ದಿನಿಂದ ಕೂಡಿ, ಗ್ರಾಮಫೋನ್ ತಟ್ಟೆಗೆ ಸರಿಗಟ್ಟಲಾರದೆ ಉಳಿದಿತ್ತು. ಆ ವರ್ಷ ವಾಲ್ಟರ್ ವೇಬರ್ ಮತ್ತು ಫಾನ್ ಬ್ರೌನ್‌ಮ್ಯೂಲ್ ಎಂಬವರು ಕಿವಿಗೆ ಕೇಳಿಸದ ಉಚ್ಚ ಕಂಪನಾಂಕದ ವಿದ್ಯುತ್ತನ್ನು ಸಂಗೀತದ ಸಂಕೇತದೊಡನೆ ಬೆರೆಸಿ ಟೇಪಿಗೆ ಊಡುವ ಉಪಾಯವನ್ನು ಬಳಕೆಗೆ ತಂದರು. ಇದೇ ಬಯಾಸ್. ಕಾಂತಕಣಗಳು ಸ್ವಭಾವತಃ ಜಡವಾದುವು, ಅಲ್ಪ ಪ್ರೇರಣೆಗೆ ಸ್ಪಂದಿಸವು. ಬಯಾಸು ಅವನ್ನು ಮೊದಲೇ ಕದಡಿ ಇಟ್ಟಿರುವುದರಿಂದ ಅತಿ ಸೂಕ್ಷ್ಮವಾದ ಸ್ವರವೂ ಯಥಾಪ್ರಮಾಣವಾಗಿ ಅಂಕಿತವಾಗುತ್ತದೆ. ಯುದ್ಧಾನಂತರ ಜ್ಯಾಕ್ ಮಲ್ಲಿನ್ ಎಂಬ ಅಮೆರಿಕದ ಸೈನಿಕನು ಅಂತಹ ಯಂತ್ರಗಳೆರಡನ್ನು ತನ್ನ ದೇಶಕ್ಕೆ ಸಾಗಿಸಿದನು. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪ್ರದರ್ಶನದ ಫಲವಾಗಿ 1948ರಲ್ಲಿ ಆಂಪೆಕ್ಸ್ 200 ಜನ್ಮತಾಳಿತು.

ಬಹುಮಾರ್ಗ ಯಂತ್ರವು ಇದರ ಮುಂದಿನ ಮಜಲು. ಗಿಟಾರುವಾದಕ ಲೆಸ್ ಪಾಲ್‌ಗಾಗಿ ಆಂಪೆಕ್ಸ್ ಸಂಸ್ಥೆಯು 1957ರಲ್ಲಿ ಎಂಟು ಟ್ರ್ಯಾಕುಗಳ ಯಂತ್ರವೊಂದನ್ನು ಕಟ್ಟಿಕೊಟ್ಟಿತು. ಮುದ್ರಿಸುವ ಹೆಡ್ಡಿಗೂ ಕೇಳಿಸುವ ಹೆಡ್ಡಿಗೂ ನಡುವೆ ಅಂತರವಿರುವುದರಿಂದ, ಹಿಂದೆ ಮುದ್ರಿಸಿದುದನ್ನು ಕೇಳಿಸಿಕೊಳ್ಳುತ್ತ ಹೊಸ ಸ್ವರವನ್ನು ಕೂಡಿಸಹೋದರೆ ಎರಡೂ ಹೊಂದಿಕೆಯಾಗವು. ಮುದ್ರಿಸುವ ಹೆಡ್ಡನ್ನೇ ಆಯ್ದ ಟ್ರ್ಯಾಕುಗಳಲ್ಲಿ ಕೇಳಿಸುವುದಕ್ಕೂ ಬಳಸುವ 'ಸೆಲ್-ಸಿಂಕ್' ಎಂಬ ಯುಕ್ತಿಯು ಈ ತೊಡಕನ್ನು ಪರಿಹರಿಸಿತು. ಸ್ವಿಟ್ಜರ್ಲೆಂಡಿನ ವಿಲ್ಲಿ ಸ್ಟೂಡರ್ ನಿರ್ಮಿಸಿದ ನಾಲ್ಕು ಟ್ರ್ಯಾಕಿನ ಜೆ37, 1970ರ ಎ80, 1978ರ ಎ800 ಒಂದರ ಹಿಂದೊಂದು ಬಂದುವು. ಅಮೆರಿಕದ ಎಂಸಿಐ, ಜಪಾನಿನ ಓಟಾರಿ - ಇವುಗಳ ಕಾಲಕ್ಕೆ 50.8 ಮಿಲಿಮೀಟರು, ಅಂದರೆ ಎರಡಂಗುಲ, ಅಗಲದ ಟೇಪಿನ ಮೇಲೆ 24 ಟ್ರ್ಯಾಕುಗಳು ಸಾಲುಗೊಂಡವು.

ಕರ್ನಾಟಕದಲ್ಲಿ ಈ ಚರಿತ್ರೆಯ ಗತಿ ಬೇರೆ. 1950ರ ಜನವರಿ 8ರಂದು ಆರಂಭವಾದ ಧಾರವಾಡದ ಆಕಾಶವಾಣಿ ಕೇಂದ್ರವು ವಿಜಯಪುರ ಸೀಮೆಯ ಕಲಾವಿದರಿಗೆ ಹತ್ತಿರದ ಧ್ವನಿಮಂದಿರವಾಯಿತು. ಮಲ್ಲಿಕಾರ್ಜುನ ಮನ್ಸೂರರು ಸಂಗೀತಕ್ಕೆ, ಬೇಂದ್ರೆಯವರು ಸಾಹಿತ್ಯಕ್ಕೆ ಅಲ್ಲಿ ಸಲಹೆಗಾರರಾಗಿದ್ದರು. ಬಾನುಲಿಯ ಕೆಲಸಕ್ಕೆ ಬೇಕಾದುದು ಕಾಲಂಗುಲದ ಟೇಪು. ಗಾಯಕ, ತಬಲಾ, ತಂಬೂರಿ ಮೂರೂ ಒಟ್ಟಿಗೆ ಅದರ ಮೇಲೆ ನಿಲ್ಲುತ್ತಿದ್ದುವು. ಚಿತ್ರಗೀತೆಗಳಂತೂ ಬಹುಕಾಲ ಮದರಾಸಿನಲ್ಲಿಯೇ ಮುದ್ರಣಗೊಳ್ಳುತ್ತಿದ್ದುವು. ಶಂಕರ್ ನಾಗ್, ಅನಂತ ನಾಗ್ ಸೋದರರು ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೋವನ್ನು ಸ್ಥಾಪಿಸಿದ ತರುವಾಯವೇ ಆ ಅವಲಂಬನೆ ಸಡಿಲತೊಡಗಿತು. ಹಾಗಾಗಿ ನಮ್ಮ ಸೀಮೆಯ ಸಂಗ್ರಹದಲ್ಲಿ ಎರಡಂಗುಲದ ಟೇಪಿಗಿಂತ ಕಾಲಂಗುಲದ ಸುರುಳಿಗಳೂ ಕ್ಯಾಸೆಟ್ಟುಗಳೂ ಹೆಚ್ಚು. ಆದರೆ ಮಾಪನದ ತತ್ತ್ವವು ಎಲ್ಲಕ್ಕೂ ಒಂದೇ. ಬಹುಮಾರ್ಗ ಯಂತ್ರದಲ್ಲಿ ಅದು 24 ಪಟ್ಟು ಕಠಿಣವಾಗಿ ಕಾಣಿಸಿಕೊಳ್ಳುವುದರಿಂದ, ಅಲ್ಲಿಯೇ ಅದನ್ನು ಪರಿಶೀಲಿಸುವುದು ಯುಕ್ತ.

ಕ್ರಮ ಹೀಗೆ. ಮೊದಲು ಹೆಡ್ಡುಗಳನ್ನೂ ಟೇಪು ಹಾಯುವ ದಾರಿಯ ಗೈಡುಗಳನ್ನೂ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ಅವುಗಳಲ್ಲಿ ಸೇರಿಕೊಂಡ ಶೇಷಕಾಂತತ್ವವನ್ನು ಡಿಮ್ಯಾಗ್ನೆಟೈಸರಿನಿಂದ ಕಳೆಯತಕ್ಕದ್ದು. ಆ ಉಪಕರಣದ ಸ್ವಿಚ್ಚನ್ನು ಹೆಡ್ಡಿನ ಬಳಿಯಲ್ಲಿಯೇ ಆರಿಸಿದರೆ ಕಾಂತತ್ವವು ಹೋಗುವ ಬದಲು ಸ್ಥಿರವಾಗಿ ನೆಲೆಸುವುದೆಂಬುದನ್ನು ಅನೇಕರು ತಿಳಿಯರು. ಅದನ್ನು ಮೆಲ್ಲಮೆಲ್ಲನೆ ದೂರಕ್ಕೆ ಒಯ್ದ ಮೇಲೆಯೇ ಆರಿಸಬೇಕು. ಪರೀಕ್ಷಾ ಟೇಪು ಯಂತ್ರದ ಹತ್ತಿರ ಸುಳಿಯುವುದು ಈ ಶುದ್ಧಿಯಾದ ಮೇಲೆ ಮಾತ್ರ. ಅಮೆರಿಕದಲ್ಲಿ ಜೇ ಮೆಕ್‌ನೈಟ್ ಮೊದಲಾದವರು ಕಟ್ಟಿದ ಮ್ಯಾಗ್ನೆಟಿಕ್ ರೆಫರೆನ್ಸ್ ಲ್ಯಾಬೊರೇಟರಿಯು ತಯಾರಿಸುತ್ತ ಬಂದಿರುವ ಇಂತಹ ಟೇಪುಗಳಲ್ಲಿ ನಿಯತ ಬಲದ, ನಿಯತ ಕಂಪನಾಂಕದ ಶುದ್ಧ ಸ್ವರಗಳಿರುತ್ತವೆ: 1,000, 10,000, 100 ಹರ್ಟ್ಸ್ ಇತ್ಯಾದಿ. ಕೇಳಿಸುವ ಹೆಡ್ಡಿನ ಓರೆಯನ್ನು, ಅಂದರೆ ಅಝಿಮತ್ತನ್ನು, ಉಚ್ಚಸ್ವರವು ಪರಮಾವಧಿಗೇರುವಂತೆಯೂ, ಎರಡು ಅಂಚಿನ ಟ್ರ್ಯಾಕುಗಳು ಆಸಿಲೊಸ್ಕೋಪಿನಲ್ಲಿ ಏಕಕಾಲಕ್ಕೆ ಏರಿಳಿಯುವಂತೆಯೂ ತಿದ್ದುತ್ತಾರೆ. ಸೆಕೆಂಡಿಗೆ 38.1 ಸೆಂಟಿಮೀಟರು ವೇಗದಲ್ಲಿ 15,000 ಹರ್ಟ್ಸಿನ ಒಂದು ತರಂಗವು ಟೇಪಿನ ಮೇಲೆ ಆಕ್ರಮಿಸುವ ಉದ್ದವು 25.4 ಮೈಕ್ರಾನು ಮಾತ್ರವೆಂಬುದನ್ನು ನೆನೆದರೆ, ಕೂದಲೆಳೆಯಷ್ಟು ಓರೆಯೂ ಹಾಡುಗಾರ್ತಿಯ ಶಕಾರ ಸಕಾರಗಳನ್ನು ಮಸುಕುಗೊಳಿಸುವುದೇಕೆಂಬುದು ಸ್ಪಷ್ಟವಾದೀತು.

ಕೇಳಿಸುವ ಭಾಗವು ಪ್ರಮಾಣಕ್ಕೆ ಬಂದ ಮೇಲೆಯೇ ಮುದ್ರಿಸುವ ಭಾಗಕ್ಕೆ ಕೈಹಚ್ಚಬೇಕು. ಈ ಪೌರ್ವಾಪರ್ಯವನ್ನು ಮೀರಿದವನು ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಸರಿಗಟ್ಟಿ, ತನ್ನ ಯಂತ್ರದಲ್ಲಿ ಮಾತ್ರ ಚೆನ್ನಾಗಿ ಕೇಳುವ, ಅನ್ಯತ್ರ ವಿಕೃತವಾಗುವ ಟೇಪನ್ನು ಸೃಷ್ಟಿಸುತ್ತಾನೆ. ಖಾಲಿ ಟೇಪಿನ ಮೇಲೆ 10,000 ಹರ್ಟ್ಸಿನ ಸ್ವರವನ್ನು ಮುದ್ರಿಸುತ್ತ ಬಯಾಸನ್ನು ಏರಿಸುತ್ತ ಹೋದರೆ, ಮೀಟರಿನ ಮುಳ್ಳು ಶಿಖರವನ್ನು ಮುಟ್ಟಿ ಇಳಿಯತೊಡಗುತ್ತದೆ. ಶಿಖರದಲ್ಲಿಯೇ ನಿಲ್ಲಿಸದೆ, ಟೇಪಿನ ಜಾತಿಗೂ ವೇಗಕ್ಕೂ ತಕ್ಕಂತೆ ಎರಡು ಮೂರು ಡೆಸಿಬೆಲ್ ಇಳಿಯುವವರೆಗೆ ಮುಂದುವರಿಸುವುದು ಸಂಪ್ರದಾಯ. ಹಾಗೆ ಮಾಡುವುದರಿಂದ ವಿಕೃತಿಯೂ ಕಡಿಮೆ, ಟೇಪಿನ ಲೇಪದ ಏರುಪೇರುಗಳ ಬಾಧೆಯೂ ಕಡಿಮೆ. ತದನಂತರ ಮುದ್ರಣದ ಮಟ್ಟ, ಮುದ್ರಣದ ಉಚ್ಚಸ್ವರ ಸಮೀಕರಣ, ಸಿಂಕ್ ಮಟ್ಟ. ಒಂದೊಂದು ಟ್ರ್ಯಾಕಿಗೂ ಏಳೆಂಟು ತಿರುಪುಗಳೆಂದು ಎಣಿಸಿದರೂ 24 ಟ್ರ್ಯಾಕುಗಳಿಗೆ ನೂರೈವತ್ತನ್ನು ಮೀರುತ್ತದೆ. ವೇಗ ಬದಲಾದರೆ ಮತ್ತೊಂದು ಸುತ್ತು. ದೊಡ್ಡ ಸ್ಟುಡಿಯೋಗಳಲ್ಲಿ ಗಾಯಕರು ಬರುವ ಮುನ್ನ ಬೆಳಗಿನ ಹೊತ್ತೆಲ್ಲ ಈ ನಿತ್ಯವಿಧಿಯಲ್ಲಿ ಕಳೆಯುತ್ತಿದ್ದುದು ಅತಿಶಯವಲ್ಲ.

ಪ್ರಮಾಣಗಳೇ ಒಂದಾಗಿಲ್ಲದಿರುವುದು ಸಂಶೋಧಕನನ್ನು ಕಾಡುವ ಮುಖ್ಯ ಸಮಸ್ಯೆ. ಅಮೆರಿಕದ ಎನ್‌ಎಬಿ ಪದ್ಧತಿಯು 38.1ರ ವೇಗಕ್ಕೆ 50 ಮೈಕ್ರೋಸೆಕೆಂಡಿನ ಸಮೀಕರಣವನ್ನು ವಿಧಿಸಿದರೆ, ಯುರೋಪಿನ ಪದ್ಧತಿಯು 35 ಮೈಕ್ರೋಸೆಕೆಂಡನ್ನು ವಿಧಿಸಿತು. ಒಂದರಲ್ಲಿ ಮುದ್ರಿಸಿದುದನ್ನು ಇನ್ನೊಂದರಲ್ಲಿ ಕೇಳಿದರೆ ತಾರಸ್ವರಗಳ ಸಮತೋಲ ತಪ್ಪುತ್ತದೆ. ಪ್ರಮಾಣಮಟ್ಟವೂ ಹಾಗೆಯೇ: ಹಳೆಯ ಆಂಪೆಕ್ಸ್ ಮಟ್ಟ ಮೀಟರಿಗೆ 185 ನ್ಯಾನೊವೇಬರ್, ತರುವಾಯದ ರೂಢಿ 250, ಜರ್ಮನಿಯದು 320. ಮೊದಲನೆಯದಕ್ಕೂ ಕಡೆಯದಕ್ಕೂ ಸುಮಾರು ಐದು ಡೆಸಿಬೆಲ್ ಅಂತರ. ಆದಕಾರಣ ಬಲ್ಲವರು ಪ್ರತಿಯೊಂದು ಸುರುಳಿಯ ಮೊದಲಿಗೆ ಪ್ರಮಾಣಸ್ವರಗಳನ್ನು ಮುದ್ರಿಸಿ, ಡಬ್ಬದ ಮೇಲೆ ವೇಗ, ಪದ್ಧತಿ, ಮಟ್ಟಗಳನ್ನು ಬರೆದಿಡುತ್ತಿದ್ದರು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ತಿಥಿಯನ್ನೂ ಮಾತೃಕೆಯನ್ನೂ ನಮೂದಿಸುವುದಕ್ಕೆ ಯಾವ ಬೆಲೆಯೋ ಇದಕ್ಕೂ ಅದೇ ಬೆಲೆ. ಆ ಸ್ವರಗಳನ್ನು 'ಬೇಡದ ಕೂಗು' ಎಂದು ಕತ್ತರಿಸಿ ಬಿಸುಟು ಹಾಡನ್ನು ಮಾತ್ರ ಕಂಪ್ಯೂಟರಿಗೆ ಏರಿಸುವ ಇಂದಿನ ಉತ್ಸಾಹವು ಸಾಕ್ಷ್ಯನಾಶವೆಂದು ಹೇಳದೆ ವಿಧಿಯಿಲ್ಲ.

ಪೋಷಣೆಯ ವಿಷಯದಲ್ಲಿ ಸ್ಥಳದ ಹವೆಯೇ ಅರ್ಧ ನಿಯಾಮಕ. 1970-80ರ ದಶಕಗಳ ಹಲವು ಟೇಪುಗಳಲ್ಲಿ, ವಿಶೇಷವಾಗಿ ಆಂಪೆಕ್ಸ್ 456ರಂತಹವುಗಳಲ್ಲಿ, ಕಣಗಳನ್ನು ಹಿಡಿದಿರುವ ಪಾಲಿಯುರೆಥೇನ್ ಬಂಧಕವು ಗಾಳಿಯ ತೇವವನ್ನು ಹೀರಿ ಶಿಥಿಲವಾಗಿ, ಹೆಡ್ಡಿಗೆ ಅಂಟಿಕೊಂಡು ಕಿರುಗುಟ್ಟುತ್ತ ನಿಲ್ಲುತ್ತದೆ. ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಂಟು ಗಂಟೆಗೂ ಮಿಗಿಲಾಗಿ ಇರಿಸಿದರೆ ಅಂತಹ ಟೇಪು ಕೆಲವು ವಾರಗಳ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಅಷ್ಟರೊಳಗೆ ಪ್ರತಿಯನ್ನು ತೆಗೆದುಕೊಳ್ಳಬೇಕು. ಅಸಿಟೇಟಿನ ಹಳೆಯ ಟೇಪಿಗೆ ಮಾತ್ರ ಈ ಚಿಕಿತ್ಸೆಯು ಮಾರಕ. ಸುರುಳಿಯನ್ನು ಬೆಳಕಿಗೆ ಅಡ್ಡ ಹಿಡಿದರೆ ಅಸಿಟೇಟಿನೊಳಗಿಂದ ಬೆಳಕು ಹಾಯುತ್ತದೆ, ಪಾಲಿಯೆಸ್ಟರಿನಲ್ಲಿ ಹಾಯದು; ಈ ಪರೀಕ್ಷೆಗೆ ನಿಮಿಷವೂ ಬೇಡ. ಮಂಗಳೂರು, ಉಡುಪಿಗಳ ಸಂಗ್ರಹಗಳಿಗೆ ತೇವವೂ ಬೂಷ್ಟೂ ನಿತ್ಯಶತ್ರುಗಳಾಗಿದ್ದರೆ, ಬಯಲಿನಲ್ಲಿ ದ್ರಾಕ್ಷಿಯು ಗಾಳಿಗೇ ಒಣಗಿ ಒಣದ್ರಾಕ್ಷಿಯಾಗುವ ತಿಕೋಟಾ ಸೀಮೆಯು ಈ ದೃಷ್ಟಿಯಿಂದ ಭಾಗ್ಯಶಾಲಿ. ಆದರೆ ಆ ಒಣ ಹವೆಯು ಎರೆಯ ಮಣ್ಣಿನ ಧೂಳನ್ನು ಹೊತ್ತು ತರುತ್ತದೆ. ಅದು ಹೆಡ್ಡಿಗೂ ಟೇಪಿಗೂ ನಡುವೆ ಸೇರಿ ಉಚ್ಚಸ್ವರಗಳನ್ನು ನುಂಗುತ್ತದೆ, ಹೆಡ್ಡಿನ ಮುಖವನ್ನೂ ಸವೆಸುತ್ತದೆ. ಬೇಸಗೆಯ ಶಾಖದಲ್ಲಿ ಪಿಂಚ್ ರೋಲರಿನ ರಬ್ಬರು ಗಡುಸಾಗುವುದು, ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳು ಒಣಗಿ ಗುಂಯ್‌ಗುಟ್ಟುವುದು ಬೇರೆ.

ಆ ಶಾಖದಿಂದಲೇ ವೃದ್ಧಿಸುವ ಇನ್ನೊಂದು ದೋಷವುಂಟು: ಸುರುಳಿಯ ಒಂದು ಪದರದ ಕಾಂತಚಿತ್ರವು ಪಕ್ಕದ ಪದರಕ್ಕೆ ಹತ್ತುವುದು. 1656ರಲ್ಲಿ ಗತಿಸಿದ ಮುಹಮ್ಮದ್ ಆದಿಲ್ ಶಾಹನು ಮಲಗಿರುವ ಗೋಲಗುಮ್ಮಟದಲ್ಲಿ ಪ್ರತಿಧ್ವನಿಯು ಧ್ವನಿಯನ್ನು ಹಿಂಬಾಲಿಸುವುದನ್ನು ಈ ಜಿಲ್ಲೆಯ ಮಕ್ಕಳೂ ಬಲ್ಲರು. ಟೇಪಿನಲ್ಲಿಯಾದರೋ ಹಾಡುಗಾರನು ಬಾಯ್ದೆರೆಯುವ ಮುನ್ನವೇ ಅವನ ಸ್ವರದ ಛಾಯೆಯು ಕೇಳಿಬರುವ ವಿಪರ್ಯಾಸವುಂಟು. ಸುರುಳಿಯನ್ನು ಕೊನೆ ಹೊರಗಿರುವಂತೆ ಸುತ್ತಿಟ್ಟರೆ, ಬಲವಾದ ಛಾಯೆಯು ಮೂಲಸ್ವರದ ಹಿಂದೆ ಬಿದ್ದು, ಅದರ ಮರೆಯಲ್ಲಿ ಅಡಗುತ್ತದೆ. ಕೇಳುವ ಮುನ್ನ ಒಮ್ಮೆ ಹಿಂದಕ್ಕೆ ಸುತ್ತುವುದರಿಂದ ಛಾಯೆಯೂ ಕ್ಷೀಣಿಸುತ್ತದೆ.

ಕಡೆಗೆ ವೇಗದ ಪ್ರಶ್ನೆ. ನಮ್ಮ ಸೀಮೆಯ ಮಟ್ಟಿಗೆ ಇದೇ ಅತ್ಯಂತ ಜಟಿಲವಾದುದು. ಧಾರವಾಡ ಕೇಂದ್ರದ ಮೊದಲ ದಶಕಗಳ ಕಾಲದ ಸ್ಟುಡಿಯೋ ಯಂತ್ರಗಳಲ್ಲಿ ಬಹುಪಾಲು ಟೇಪನ್ನು ಎಳೆಯುವ ಕ್ಯಾಪ್ಸ್ಟನ್ನನ್ನು ತಿರುಗಿಸುತ್ತಿದ್ದುದು ವಿದ್ಯುತ್ತಿನ ಆವೃತ್ತಿಗೆ ಬದ್ಧವಾದ ಸಿಂಕ್ರೊನಸ್ ಮೋಟಾರು. ಸರಬರಾಜಿನ ಆವೃತ್ತಿಯು 50ರಿಂದ 49ಕ್ಕೆ ಇಳಿದರೆ ಟೇಪಿನ ವೇಗವೂ ನೂರಕ್ಕೆ ಎರಡರಷ್ಟು ಇಳಿಯುತ್ತದೆ. ಹಾಗೆ ಮುದ್ರಿಸಿದುದನ್ನು ಸರಿಯಾದ ವೇಗದಲ್ಲಿ ಕೇಳಿದಾಗ ಷಡ್ಜವು ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು ಏರಿರುತ್ತದೆ. ಹಿಂದುಸ್ತಾನಿ ಗಾಯಕನೊಬ್ಬನು ಯಾವ ವಯಸ್ಸಿನಲ್ಲಿ ಯಾವ ಪಟ್ಟಿಗೆ ಹಾಡುತ್ತಿದ್ದನೆಂದು ನಿರ್ಣಯಿಸಹೊರಟವನಿಗೆ ಇದು ಅಲ್ಪ ವ್ಯತ್ಯಾಸವಲ್ಲ. ಟೇಪಿನಲ್ಲಿ ಸೇರಿಕೊಂಡ ವಿದ್ಯುತ್ತಿನ ಗುಂಜಾರವನ್ನೇ ಅಳತೆಗೋಲಾಗಿ ಹಿಡಿಯಬಾರದೆ ಎಂದರೆ, ಅದರಲ್ಲೊಂದು ಮೋಸವಿದೆ: ಮೋಟಾರೂ ಗುಂಜಾರವೂ ಒಂದೇ ಸರಬರಾಜಿಗೆ ಒಳಪಟ್ಟಿದ್ದಾಗ ಎರಡೂ ಜತೆಯಾಗಿಯೇ ಇಳಿದಿರುತ್ತವೆ, ಕೇಳುವಾಗ ಗುಂಜಾರವು 50ಕ್ಕೇ ನಿಂತು, ದೋಷವಿಲ್ಲವೆಂದು ಸುಳ್ಳು ಸಾಕ್ಷಿ ನುಡಿಯುತ್ತದೆ. ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರದಲ್ಲಿ, ದೀಪವಿದ್ದ ಗುಡಿಯ ಪ್ರಾಂಗಣದಲ್ಲಿ ಮುದ್ರಿಸಿದ ಟೇಪಿನ ಗುಂಜಾರಕ್ಕೆ ಈ ದೋಷವಿಲ್ಲ. ಅಲ್ಲಿ ಮೋಟಾರಿನ ದಾರಿ ಬೇರೆ, ಗುಂಜಾರದ ದಾರಿ ಬೇರೆ. ಸರಬರಾಜಿನ ಏರಿಳಿತದ ಮಿತಿಯೊಳಗೆ ಅದನ್ನು ನಂಬಬಹುದು.

ಇದಕ್ಕಿಂತ ಸ್ಥಿರವಾದ ಸಾಕ್ಷಿ ಹಾರ್ಮೋನಿಯಮ್ಮಿನ ಹಿತ್ತಾಳೆಯ ನಾಲಗೆ. ತಂಬೂರಿಯನ್ನು ಗಾಯಕನು ದಿನಕ್ಕೊಂದು ಶ್ರುತಿಗೆ ಕೂಡಿಸಬಹುದು. ಪೆಟ್ಟಿಗೆಯೊಳಗಿನ ರೀಡಿನ ಶ್ರುತಿಯು ದಶಕಗಳವರೆಗೆ ಬಹಳ ಕದಲದು. ಆದರೆ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ತನ್ನ ಸ್ಟುಡಿಯೋಗಳಿಂದ ಬಹಿಷ್ಕರಿಸಿದ್ದಿತು. ಧಾರವಾಡ ಕೇಂದ್ರದ ಮೊದಲ ಎರಡು ದಶಕಗಳ ಸುರುಳಿಗಳಲ್ಲಿ, ಅತ್ಯುತ್ತಮ ಯಂತ್ರಗಳೂ ನುರಿತ ಕೈಗಳೂ ಇದ್ದ ಕಡೆಯಲ್ಲಿಯೇ, ಶ್ರುತಿಯನ್ನು ನಿರ್ಣಯಿಸಬಲ್ಲ ಈ ವಾದ್ಯದ ದನಿಯಿಲ್ಲ. ಭಜನೆಯ ಮೇಳಕ್ಕೆ ಅಂತಹ ನಿಷೇಧವಾವುದೂ ಇರಲಿಲ್ಲ. ಕನಮಡಿಯಂತಹ ಊರಿನಲ್ಲಿ ಏಕಾದಶಿಯ ಇರುಳು ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದ ಭಜನೆಯಲ್ಲಿ ಪೆಟ್ಟಿಗೆಯು ಮೊದಲಿಂದ ಕೊನೆಯವರೆಗೆ ನುಡಿಯುತ್ತದೆ. ಆ ಪೆಟ್ಟಿಗೆಯು ಇನ್ನೂ ಗುಡಿಯಲ್ಲಿಯೇ ಇದ್ದುದಾದರೆ, ಅದರ ಬಿಳಿ ಮೂರನ್ನೊತ್ತಿ ಆವೃತ್ತಿಯನ್ನು ಅಳೆದುಕೊಂಡು, ಕ್ಯಾಸೆಟ್ಟಿನ ವೇಗವನ್ನು ಅದಕ್ಕೆ ಸರಿಹೊಂದಿಸುವುದಕ್ಕೆ ಒಂದು ಮಧ್ಯಾಹ್ನ ಸಾಕು.