ಬೀದಿಗೆ ಕಾಣುವ ಗೋಡೆ, ನೆಲದಡಿಯ ಅಡುಗೆಮನೆ

ನಮ್ಮ ತಾಳವಾಡಿ ಕಡೆಯ ಹಳೆಯ ಬೀದಿಗಳಲ್ಲಿ ಹೆಂಚಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದನ್ನು ನೋಡಿರುತ್ತೀರಿ. ಎರಡು ಮನೆಗೆ ನಡುವೆ ಒಂದೇ ಗೋಡೆ. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ನಮ್ಮ ಮನೆಯಲ್ಲಿ ಕೆಮ್ಮು. ಇಂಗ್ಲೆಂಡಿನ ಪಟ್ಟಣಗಳಲ್ಲೂ ಹೀಗೆಯೇ ಸಾಲುಮನೆಗಳನ್ನು ಕಟ್ಟಿದರು. 1714ರಿಂದ 1830ರವರೆಗೆ ಜಾರ್ಜ್ ಎಂಬ ಹೆಸರಿನ ನಾಲ್ವರು ರಾಜರು ಒಬ್ಬರಾದ ಮೇಲೊಬ್ಬರು ಆಳಿದ್ದರಿಂದ ಆ ಕಾಲದ ಮನೆಗಳಿಗೆ ಜಾರ್ಜಿಯನ್ ಮನೆಗಳೆಂದು ಹೆಸರು.

ಆ ಕಾಲದ ಕಟ್ಟಡ ನೋಡಲು ನಾವು ಇಂಗ್ಲೆಂಡಿಗೇ ಹೋಗಬೇಕಿಲ್ಲ. ಮೈಸೂರಿನ ಫಿಲೋಮಿನಾ ಚರ್ಚಿಗೆ ಹೋದಾಗ ನಜರಬಾದಿನ ಕಡೆ ಇರುವ ಸರ್ಕಾರಿ ಭವನವನ್ನೂ ನೋಡಿ. 1805ರಲ್ಲಿ ಬ್ರಿಟಿಷ್ ರೆಸಿಡೆಂಟರಿಗೆಂದು ಕಟ್ಟಿದ್ದು. ಅದೇ ಬಿಳಿ ಕಂಬ, ಅದೇ ಅಳತೆಗಟ್ಟಿನ ಕಿಟಕಿ. ಆದರೆ ಇಲ್ಲಿ ಜಾಗಕ್ಕೆ ಬರವಿರಲಿಲ್ಲ, ಹಾಗಾಗಿ ಅದು ತೋಟದ ನಡುವೆ ಒಂಟಿಯಾಗಿ ನಿಂತಿದೆ. ಅಲ್ಲಿಯ ಪಟ್ಟಣಗಳಲ್ಲಿ ಬೀದಿಯ ಒಂದೊಂದು ಅಡಿ ನೆಲಕ್ಕೂ ಬೆಲೆಯಿತ್ತು. ಅದಕ್ಕೇ ಮನೆಗಳು ಅಗಲದಲ್ಲಿ ಕಿರಿದು, ಎತ್ತರದಲ್ಲಿ ನಾಲ್ಕೈದು ಅಂತಸ್ತು.

1666ರಲ್ಲಿ ಲಂಡನ್ನಿಗೆ ಬೆಂಕಿ ಬಿದ್ದ ಮೇಲೆ ಮರದ ಗೋಡೆ ಬೇಡ, ಇಟ್ಟಿಗೆಯೋ ಕಲ್ಲೋ ಆಗಬೇಕೆಂದು ಕಾನೂನಾಯಿತು. ಮುಂದಿನ ಕಾಯಿದೆಗಳು ಜಂಟಿ ಗೋಡೆಯನ್ನು ಸೂರಿಗಿಂತ ಮೇಲಕ್ಕೆ ಎತ್ತಬೇಕೆಂದವು. ಒಂದು ಮನೆ ಹೊತ್ತಿಕೊಂಡರೂ ಪಕ್ಕದ್ದು ಉಳಿಯಲಿ ಎಂದು. ಕಿಟಕಿಯ ಎರಡು ಚೌಕಟ್ಟುಗಳು ಮೇಲೆ ಕೆಳಗೆ ಜಾರುತ್ತವೆ. ಒಳಗೆ ಅಡಗಿಸಿದ ಹಗ್ಗ ಮತ್ತು ತೂಕದ ಗುಂಡು ಅವನ್ನು ಹಿಡಿದು ನಿಲ್ಲಿಸುತ್ತವೆ. ಬಾಗಿಲ ಮೇಲೆ ಬೀಸಣಿಗೆ ಆಕಾರದ ಗಾಜಿನ ಬೆಳಕಿಂಡಿ. ಕಿಟಕಿಗೂ ತೆರಿಗೆಯಿತ್ತು, 1851ರವರೆಗೆ! ಕೆಲವರು ಕಿಟಕಿಯನ್ನೇ ಇಟ್ಟಿಗೆಯಿಂದ ಮುಚ್ಚಿಬಿಟ್ಟರು. ಬಾತ್ ಊರಿನ ರಾಯಲ್ ಕ್ರೆಸೆಂಟಿನಲ್ಲಿ 30 ಮನೆಗಳು ಸೇರಿ ಒಂದೇ ಅರಮನೆಯಂತೆ ಕಾಣುತ್ತವೆ. ಹಿಂದಕ್ಕೆ ಹೋಗಿ ನೋಡಿದರೆ ಒಂದೊಂದು ಒಂದೊಂದು ತರಹ, ಏಕೆಂದರೆ ಕೊಂಡವರು ಮುಂಭಾಗ ಮಾತ್ರ ಒಪ್ಪಂದದಂತೆ ಉಳಿಸಿಕೊಂಡು ಹಿಂಭಾಗವನ್ನು ತಮ್ಮಿಷ್ಟದಂತೆ ಕಟ್ಟಿಕೊಂಡರು. ನನಗೆ ಹಿಂಭಾಗವೇ ಹೆಚ್ಚು ಇಷ್ಟ.

ಯಾರು ಎಲ್ಲಿ ಇರಬೇಕೆಂಬುದನ್ನು ಮನೆಯೇ ಹೇಳುತ್ತಿತ್ತು. ಅತಿಥಿಗಳು ಕೂರುವ ಮೊದಲನೇ ಮಹಡಿಗೆ ಅತಿ ಎತ್ತರದ ಕಿಟಕಿ. ಆಳುಗಳು ಮಲಗುವ ಸೂರಿನಡಿಯ ಕೋಣೆಗೆ ಅತಿ ಚಿಕ್ಕದು. ಅಡುಗೆ, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲವೂ ನೆಲಮಾಳಿಗೆಯಲ್ಲಿ. ಮೇಲಿನವರು ತಂತಿ ಎಳೆದರೆ ಕೆಳಗೆ ಗಂಟೆ ಬಾರಿಸುತ್ತಿತ್ತು.

ಬ್ರಿಸ್ಟಲ್ ನಗರದ ಗ್ರೇಟ್ ಜಾರ್ಜ್ ಬೀದಿಯ 7ನೇ ನಂಬರಿನ ಮನೆಯನ್ನೇ ನೋಡಿ. 1791ರ ಹೊತ್ತಿಗೆ ಕಟ್ಟಿ ಮುಗಿದ ಇದರ ಒಡೆಯ ಜಾನ್ ಪಿನ್ನಿ. ವೆಸ್ಟ್ ಇಂಡೀಸಿನ ನೆವಿಸ್ ದ್ವೀಪದಲ್ಲಿ ಅವನಿಗೆ ಕಬ್ಬಿನ ತೋಟ, ತೋಟದಲ್ಲಿ ದುಡಿಯಲು ಗುಲಾಮರು. ನೆಲಮಾಳಿಗೆಯಲ್ಲಿ ಅವನು ಮುಳುಗಿ ಸ್ನಾನ ಮಾಡಲು ಒಂದು ತಣ್ಣೀರಿನ ಕೊಳವೇ ಇದೆ. ಅವನ ಜೊತೆ ಬಂದವನು ಪೀರೋ ಜೋನ್ಸ್. 1765ರಲ್ಲಿ ಪಿನ್ನಿ ಅವನನ್ನೂ ಅವನ ಇಬ್ಬರು ತಂಗಿಯರನ್ನೂ ಕೊಂಡಿದ್ದ. ಆಗ ಪೀರೋಗೆ 12 ವರ್ಷ. ನಮ್ಮ ಜ್ಞಾನೋಪದೇಶದ ತರಗತಿಗೆ ಬರುವ ಮಕ್ಕಳ ವಯಸ್ಸು.

ಅದೇ 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂದು ವಿಲ್ಬರ್‌ಫೋರ್ಸ್ ತಂದ ಮಸೂದೆಯನ್ನು ಇಂಗ್ಲೆಂಡಿನ ಸಂಸತ್ತು ತಿರಸ್ಕರಿಸಿತು. ಆಗ ಸಾವಿರಾರು ಕ್ರೈಸ್ತ ಕುಟುಂಬಗಳು ಚಹಾಕ್ಕೆ ವೆಸ್ಟ್ ಇಂಡೀಸಿನ ಸಕ್ಕರೆ ಹಾಕುವುದನ್ನೇ ಬಿಟ್ಟವು. ಆ ವ್ಯಾಪಾರಕ್ಕೆ ನಿಷೇಧ ಬಂದದ್ದು 1807ರಲ್ಲಿ. ಪೀರೋ 1798ರಲ್ಲೇ ತೀರಿಕೊಂಡಿದ್ದ, ಬಿಡುಗಡೆಯಿಲ್ಲದೆ.

1999ರಲ್ಲಿ ಬ್ರಿಸ್ಟಲ್ ಬಂದರಿನಲ್ಲಿ ತೆರೆದ ಕಾಲುಸೇತುವೆಗೆ ಅವನ ಹೆಸರಿಟ್ಟರು. ಪಿನ್ನಿಯ ಮನೆ ಈಗ ಮ್ಯೂಸಿಯಂ. ಮೇಲಿನ ದಿವಾನಖಾನೆಯ ಜೊತೆಗೆ ಕೆಳಗಿನ ಅಡುಗೆಮನೆಯನ್ನೂ ಜನರಿಗೆ ತೋರಿಸುತ್ತಾರೆ.