ಬಾಗಿಲಿಗೆ ಚಿತ್ತಾರ, ಗೋಡೆಗೆ ಬರೀ ಸುಣ್ಣ

ಗದಗ-ಬೆಟಗೇರಿಯ ಹಳೆಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪೇಟೆಯ ಹಿಂಬದಿಯಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಂದು ಸಮಾನ ಗುಣವುಂಟು. ತಲೆಬಾಗಿಲಿನ ಚೌಕಟ್ಟಿನ ತುಂಬ ಕೆತ್ತನೆ: ಬಳ್ಳಿ, ಕಮಲ, ಸಾಲು ಮಣಿ. ಆದರೆ ಆ ಚೌಕಟ್ಟಿನ ಆಚೀಚೆ ಇರುವ ದಪ್ಪ ಗೋಡೆಗೆ ಸುಣ್ಣ ಬಿಟ್ಟರೆ ಬೇರೇನೂ ಇಲ್ಲ. ಒಳಗೆ ಪಡಸಾಲೆಗೆ ಬಂದರೂ ಅಷ್ಟೇ. ಕಂಬದ ಬೋದಿಗೆಯಲ್ಲಿ ಒಂದಿಷ್ಟು ಕುಸುರಿ, ದೇವರ ಜಗಲಿಯ ಸುತ್ತ ಇನ್ನೊಂದಿಷ್ಟು. ಉಳಿದದ್ದೆಲ್ಲ ಖಾಲಿ.

ಇದು ಬಡತನದ ಗುರುತೇ, ಅಭಿರುಚಿಯ ಗುರುತೇ? ಉತ್ತರಕ್ಕೆ ಸಾವಿರ ವರ್ಷ ಹಿಂದೆ ಹೋಗಬೇಕಾಗುತ್ತದೆ.

ಕಲ್ಲು ಕಲಿಸಿದ ಪಾಠ

ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿ, ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳ ದೊಡ್ಡ ಕಾರ್ಯಕ್ಷೇತ್ರ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಹಿಂದಿನ ಗುಡಿಗಳು ಮರಳುಗಲ್ಲಿನವು. ಈ ಭಾಗದಲ್ಲಿ ಕಟ್ಟಡ ಕಟ್ಟಿದವರ ಕೈಗೆ ಸಿಕ್ಕಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ-ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿ. ಮರ ಕೆತ್ತಿದಂತೆ ಇದನ್ನು ಕೆತ್ತಬಹುದು. ಚರಕಿಗೆ ಹಚ್ಚಿ ಕಂಬವನ್ನು ಬುಗುರಿಯಂತೆ ತಿರುವಿ ಕನ್ನಡಿಯ ಹೊಳಪು ತರಬಹುದು. ಇಂಥ ಕಲ್ಲು ಸಿಕ್ಕಾಗ ಕಂಡಲ್ಲೆಲ್ಲ ಕೆತ್ತುವ ಆಸೆ ಸಹಜ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಹೊರಗೋಡೆ ನೋಡಿದರೆ ಆ ಆಸೆಗೆ ಶಿಲ್ಪಿಗಳು ಸೋತದ್ದೂ ಉಂಟು ಎನಿಸುತ್ತದೆ.

ಆದರೆ ಅದೇ ಊರಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಗೋಡೆಗಳು ಎಷ್ಟೋ ಸರಳ. ಅರೆಗಂಬಗಳ ನಡುವೆ ವಿಶಾಲವಾದ ಬರಿಗಲ್ಲಿನ ಜಾಗವನ್ನು ಹಾಗೆಯೇ ಬಿಟ್ಟಿದ್ದಾರೆ. ಇನ್ನೂ ಮುಖ್ಯವಾದದ್ದು ಬಾಗಿಲು. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡಗಳಲ್ಲಿ ಒಂದರ ಪಕ್ಕ ಒಂದರಂತೆ ಹಲವು ಶಾಖೆಗಳು. ಬೆರಳಿಡಲು ಜಾಗವಿಲ್ಲದಷ್ಟು ಕುಸುರಿ. ಆದರೆ ಹೊಸ್ತಿಲಾಚೆಯ ಗರ್ಭಗುಡಿಯ ಗೋಡೆ ಬೋಳು. ಚಿತ್ತಾರ ಬಾಗಿಲ ತನಕ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಒಳಗೆ ನೋಡಬೇಕಾದದ್ದು ದೇವರನ್ನು ಮಾತ್ರ.

ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿರುವ 12ನೇ ಶತಮಾನದ ದೊಡ್ಡಬಸಪ್ಪ ಗುಡಿ ಇನ್ನೊಂದು ಬಗೆಯ ಪಾಠ. ಅದರ ಗರ್ಭಗುಡಿಯ ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಒಂದೇ ಚೌಕವನ್ನು ಆರು ಸಲ, ಪ್ರತಿ ಸಲ 15 ಅಂಶ ತಿರುಗಿಸಿದರೆ ಈ ಆಕಾರ ಬರುತ್ತದೆ. ಕಟ್ಟಡಕ್ಕೆ ಕಟ್ಟಡವೇ ಒಂದು ಚಿತ್ತಾರ. ಇಷ್ಟು ಧೈರ್ಯದ ವಿನ್ಯಾಸ ಕಣ್ಣಿಗೆ ಗೊಂದಲವಾಗದೆ ಉಳಿಯಲು ಕಾರಣ ಒಂದೇ: ಆ ಮೊನೆ ತಳದಿಂದ ಶಿಖರದವರೆಗೂ ತಪ್ಪದೆ ಮರುಕಳಿಸುತ್ತದೆ. ಲಕ್ಷ್ಮೇಶ್ವರದ ಶಂಖ ಬಸದಿಯ ಸಹಸ್ರಕೂಟವೂ ಹೀಗೆಯೇ. ಸಾಲು ಸಾಲು ಪುಟ್ಟ ಜಿನಬಿಂಬಗಳ ರಾಶಿಯನ್ನು ಗೋಡೆ ತುಂಬ ಹರಡದೆ ಒಂದೇ ಕಿರುಗೋಪುರದಲ್ಲಿ ಒಟ್ಟುಮಾಡಲಾಗಿದೆ.

ಮನೆಯ ಲೆಕ್ಕ

ಗುಡಿಯ ಬಾಗಿಲಿಗೂ ಮನೆಯ ಬಾಗಿಲಿಗೂ ನೇರ ಸಂಬಂಧ ಹುಡುಕುವುದಕ್ಕಿಂತ, ಎರಡರ ಹಿಂದೆ ಇರುವ ವಿಚಾರ ಒಂದೇ ಎನ್ನುವುದು ಲೇಸು. ಹೊಸ್ತಿಲು ಪೂಜೆಯ ಜಾಗ. ಹೊರಗಿನವರು ಒಳಗಿನವರಾಗುವ ಗೆರೆ. ಹಣವನ್ನೂ ಕೈಚಳಕವನ್ನೂ ಅಲ್ಲಿಗೇ ಮೀಸಲಿಟ್ಟರು.

ಉಳಿದ ಕಾರಣಗಳು ವ್ಯವಹಾರದವು. ಇದು ಬಯಲುಸೀಮೆ, ಒಳ್ಳೆಯ ಮರ ದುಬಾರಿ. ಬಡಗಿಯ ಕೂಲಿಯೂ ಹಾಗೆಯೇ. ಒಂದು ಚೌಕಟ್ಟು, ನಾಲ್ಕು ಬೋದಿಗೆ ಕೆತ್ತಿಸುವುದರಲ್ಲಿ ಸಾಧಾರಣ ಒಕ್ಕಲುತನದ ಮನೆಯ ಗಂಟು ಕರಗುತ್ತಿತ್ತು. ಮಣ್ಣು ಮೆತ್ತಿದ ಗೋಡೆಯಲ್ಲಿ ಕೆತ್ತನೆ ನಿಲ್ಲದು. ಮೇಲಾಗಿ ಓಣಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಕಿಟಕಿ ಕಡಿಮೆ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಆ ಒಂದು ಹಿಡಿ ಬೆಳಕನ್ನು ಮನೆಯೆಲ್ಲ ಹಂಚುವ ಕೆಲಸ ಸುಣ್ಣದ ಬಿಳುಪಿನದು. ಗೋಡೆಗೆ ಬಣ್ಣದ ಚಿತ್ತಾರ ತುಂಬಿದರೆ ಮನೆ ಕತ್ತಲಾಗುತ್ತಿತ್ತು. ಹೀಗೆ ಸಂಯಮವೆಂದು ಇಂದು ಕಾಣುವುದರಲ್ಲಿ ಅರ್ಧ ಪಾಲು ಅನಿವಾರ್ಯತೆ. ಅನಿವಾರ್ಯತೆಯನ್ನೇ ಚೆಂದವಾಗಿ ಕಾಣಿಸಿದ್ದು ಮಾತ್ರ ಅಭಿರುಚಿ.

ಹಾಸಿಗೆ, ಸೀರೆ, ಕೌದಿ

ಹಾಗೆಂದು ಈ ಜನ ಗಾಢ ಬಣ್ಣಕ್ಕೆ ಹೆದರಿದವರಲ್ಲ. ನೆರೆಯ ನವಲಗುಂದದ ಜಮಖಾನೆ ನೋಡಿದರೆ ಸಾಕು. ಕೆಂಪು, ಹಳದಿ, ಹಸಿರು, ಕಪ್ಪು ನೂಲುಗಳಲ್ಲಿ ನವಿಲು, ಪಗಡೆಯ ಹಾಸು, ಚೂಪು ಮೂಲೆಯ ಪಟ್ಟಿಗಳು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಎರಡೂ ಊರು ಧಾರವಾಡ ಜಿಲ್ಲೆಗೇ ಸೇರಿದ್ದವು. ಮುಸ್ಲಿಂ ಹೆಣ್ಣುಮಕ್ಕಳು ನೇಯ್ದ ಈ ಹಾಸು ಯಾವ ಜಾತಿಯ ಮನೆಗೂ ಪರಕೀಯವಾಗಿರಲಿಲ್ಲ. ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಶಿರಹಟ್ಟಿಯ ಫಕೀರೇಶ್ವರ ಮಠದ ಸೀಮೆಯಲ್ಲಿ ಅದು ಅಚ್ಚರಿಯೂ ಅಲ್ಲ. ಆದರೆ ಜಮಖಾನೆ ಸದಾ ಹಾಸಿರುವ ವಸ್ತುವಲ್ಲ. ಬೀಗರು ಬಂದಾಗ ಬಿಚ್ಚುವುದು, ಹೋದ ಮೇಲೆ ಸುತ್ತಿಡುವುದು. ಬಿಳಿ ಗೋಡೆ, ಸಗಣಿ ಸಾರಿಸಿದ ನೆಲದ ನಡುವೆ ಅದೊಂದೇ ಗಾಢವಾದದ್ದು. ಅದಕ್ಕೇ ಅದರ ಕಳೆ.

ಇಳಕಲ್ ಸೀರೆಯ ಲೆಕ್ಕವೂ ಇದೇ. ಒಡಲು ಬಹುಮಟ್ಟಿಗೆ ಸಾದಾ ಅಥವಾ ಸಣ್ಣ ಚೌಕಳಿ. ಅಬ್ಬರವೆಲ್ಲ ಅಂಚಿಗೆ, ಮತ್ತು ಕೆಂಪು-ಬಿಳಿಯ ತೋಪ್ ತೆನಿ ಸೆರಗಿಗೆ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿಯುವ ಕೌದಿಯಲ್ಲಿ ಹತ್ತಾರು ಬಣ್ಣ ಜಗಳಾಡಿದರೂ, ಮೇಲೆ ಹಾಯುವ ಸಮಸಾಲಿನ ಹೊಲಿಗೆ ಅವನ್ನೆಲ್ಲ ಒಂದು ಹದಕ್ಕೆ ತರುತ್ತದೆ.

ಪಶ್ಚಿಮದಲ್ಲಿ ಈ ವಿಷಯಕ್ಕೆ ದೊಡ್ಡ ವಾದಗಳೇ ನಡೆದವು. ಲಂಡನ್ನಿನ ಓವನ್ ಜೋನ್ಸ್ 1856ರಲ್ಲಿ ಅಲಂಕಾರದ ವ್ಯಾಕರಣವೆಂದು ಗ್ರಂಥವನ್ನೇ ಬರೆದು, ಕಟ್ಟಡಕ್ಕಾಗಿ ಅಲಂಕಾರವೇ ಹೊರತು ಅಲಂಕಾರಕ್ಕಾಗಿ ಕಟ್ಟಡವಲ್ಲವೆಂದು ವಾದಿಸಿದ. 20ನೇ ಶತಮಾನದ ಆರಂಭದಲ್ಲಿ ವಿಯೆನ್ನಾದ ಅಡಾಲ್ಫ್ ಲೂಸ್ ಅಲಂಕಾರವೇ ಬೇಡವೆಂದ. ಗದಗ ಸೀಮೆಯ ಬಡಗಿ ಜೋನ್ಸನ ಮಾತನ್ನು ಓದದೆಯೇ ಪಾಲಿಸಿದ್ದ. ಲೂಸನ ಮಾತನ್ನು ಖಂಡಿತ ಒಪ್ಪುತ್ತಿರಲಿಲ್ಲ.

ಉಳಿಯುವುದು ಯಾವುದು?

ಈಗ ಮಾಳಿಗೆ ಮನೆಗಳು ಇಳಿದು ಕಾಂಕ್ರೀಟ್ ಮನೆಗಳು ಏಳುತ್ತಿವೆ. ಮಣ್ಣಿನ ಮಾಳಿಗೆ ಸೋರುತ್ತದೆ, ಪ್ರತಿ ಮಳೆಗಾಲಕ್ಕೂ ದುರಸ್ತಿ ಬೇಡುತ್ತದೆ. ಅದರಲ್ಲಿ ಬಾಳುವವರಿಗೆ ಅದನ್ನು ಉಳಿಸಿಕೊಳ್ಳಿ ಎಂದು ಹೇಳುವುದು ಹೊರಗಿನವರಿಗೆ ಸುಲಭ. ಆದರೆ ಮನೆ ಕೆಡವಿದಾಗ ಚೌಕಟ್ಟು ಒಲೆಗೋ, ನಗರದ ವ್ಯಾಪಾರಿಯ ಲಾರಿಗೋ ಹೋಗುವುದುಂಟು. ಹೊಸ ಮನೆಯಲ್ಲಿ ನೆಲಕ್ಕೆ ಹೂವಿನ ಟೈಲ್ಸ್, ಗೋಡೆಗೆ ಗೆರೆ, ಪರದೆಗೆ ಇನ್ನೊಂದು ನಮೂನೆ, ಛಾವಣಿಗೆ ಮತ್ತೊಂದು. ಎಲ್ಲವೂ ಕೂಗುವಾಗ ಯಾವುದೂ ಕೇಳಿಸದು.

ಹಳೆಯ ಚೌಕಟ್ಟನ್ನು ಹೊಸ ಮನೆಯ ತಲೆಬಾಗಿಲಿಗೆ ಕೂಡಿಸಲು ಹೆಚ್ಚಿನ ಖರ್ಚಿಲ್ಲ. ಅದರ ಆಚೀಚೆ ಒಂದಿಷ್ಟು ಬಿಳಿ ಗೋಡೆ ಬಿಡಲು ಖರ್ಚೇ ಇಲ್ಲ. ಜಮಖಾನೆ ನೇಯುವ ಕೈಗಳು ನವಲಗುಂದದಲ್ಲಿ ಇಂದು ಬೆರಳೆಣಿಕೆಯಷ್ಟು. ಆ ಕೈಗಳಿಗೆ ಕೆಲಸ ಸಿಗಬೇಕಾದರೆ ಅವರು ನೇಯ್ದದ್ದನ್ನು ಹಾಸಲು ಮನೆಗಳಲ್ಲಿ ಒಂದು ಖಾಲಿ ನೆಲವಾದರೂ ಉಳಿದಿರಬೇಕು.